ಗ್ರೀಕರ ವಿಧಿದೇವತೆಗಳು: ನೂಲು, ಪಾಲು, ಬರಹ

ವಿಧಿಯೆಂಬುದನ್ನು ನಮ್ಮ ಹಿರಿಯರು ಬರಹವೆಂದು ಭಾವಿಸಿದರು. ಹಣೆಬರಹ, ತಲೆಬರಹ, ಲಲಾಟಲಿಖಿತ, ಬ್ರಹ್ಮಲಿಪಿ ಮೊದಲಾದ ಮಾತುಗಳೆಲ್ಲವೂ ಈ ಒಂದು ಭಾವನೆಯಿಂದ ಹುಟ್ಟಿದವು. ಪ್ರಾಚೀನ ಗ್ರೀಕರಾದರೋ ಅದನ್ನು ನೂಲೆಂದು ಭಾವಿಸಿದರು. ಮನುಷ್ಯನು ಹುಟ್ಟಿದ ಗಳಿಗೆಯಲ್ಲಿಯೇ ಅವನ ಆಯುಸ್ಸಿನ ಎಳೆಯನ್ನು ನೂತು, ಅಳೆದು, ಮುಗಿಸುವ ಮೂವರು ದೇವಿಯರು ಅವರ ಪುರಾಣಗಳಲ್ಲಿ ಬರುತ್ತಾರೆ. ಪಾಶ್ಚಾತ್ಯ ಸಾಹಿತ್ಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಈ ಮೂವರ ಹೆಸರು ಅಪರಿಚಿತವೇನೂ ಅಲ್ಲ. ಆದರೆ ಹೆಸರು ತಿಳಿದ ಮಾತ್ರಕ್ಕೆ ಅರ್ಥ ತಿಳಿಯಿತೆನ್ನಲಾಗದು. ‘ಗ್ರೀಕರು ವಿಧಿವಾದಿಗಳು, ಅವರ ನಾಟಕಗಳಲ್ಲಿ ಮನುಷ್ಯನು ವಿಧಿಯ ಕೈಗೊಂಬೆ’ ಎಂಬ ಮಾತು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಉರುಹೊಡೆಯಲ್ಪಟ್ಟು ಬಂದಿದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ. ಇದಕ್ಕೆ ಒರೆಗಲ್ಲಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ಶಿಡ್ಲಘಟ್ಟದ ರೇಷ್ಮೆಯ ಎಳೆಯಿದೆ, ಚಿಂತಾಮಣಿ ತಾಲ್ಲೂಕಿನ ಕೈವಾರದ ಐತಿಹ್ಯವಿದೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವಿದೆ. ಇವು ಮೂರೂ ವಿಧಿಯ ವಿಚಾರಕ್ಕೆ ಸಂಬಂಧಪಟ್ಟವುಗಳೇ ಆಗಿವೆ.

ಮೊದಲು ಹೆಸರುಗಳನ್ನು ನೋಡೋಣ. ಮೂವರಿಗೂ ಸೇರಿ ಇರುವ ಹೆಸರು ಮೊಯ್ರಾಯ್, ಏಕವಚನದಲ್ಲಿ ಮೊಯ್ರಾ. ಈ ಪದಕ್ಕೆ ಮೂಲದಲ್ಲಿ ದೈವವೆಂಬ ಅರ್ಥವಾಗಲಿ, ಶಾಸನವೆಂಬ ಅರ್ಥವಾಗಲಿ ಇಲ್ಲ. ಅದರ ಅರ್ಥ ‘ಪಾಲು’ ಎಂದಷ್ಟೆ. ಊಟದ ಪಂಕ್ತಿಯಲ್ಲಿ ಒಬ್ಬನಿಗೆ ಬಂದ ಮಾಂಸದ ಪಾಲು, ಯುದ್ಧದಲ್ಲಿ ದೊರೆತ ಕೊಳ್ಳೆಯ ಪಾಲು, ಭೂಮಿಯ ಪಾಲು ಇವುಗಳಿಗೆಲ್ಲ ಹೋಮರನು ಇದೇ ಪದವನ್ನು ಬಳಸುತ್ತಾನೆ. ಅದೇ ಪದ ಬೆಳೆದು ಬದುಕಿನಲ್ಲಿ ಒಬ್ಬನಿಗೆ ಬಂದ ಪಾಲು, ಅಂದರೆ ಆಯುಸ್ಸು ಮತ್ತು ಮರಣ ಎಂಬ ಅರ್ಥವನ್ನು ಪಡೆಯಿತು. ಇದು ನಮಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ‘ಭಾಗ್ಯ’ವೆಂಬ ನಮ್ಮ ಪದವೂ ‘ಭಾಗ’ದಿಂದಲೇ ಬಂದುದು. ಋಗ್ವೇದದ ಆದಿತ್ಯರಲ್ಲಿ ಒಬ್ಬನಾದ ಭಗನು ಪಾಲು ಹಂಚುವ ದೇವತೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂದು ಹಳ್ಳಿಯವರು ಹೇಳುವಾಗ ಗ್ರೀಕರ ಮೊಯ್ರಾ ಎಂಬ ಕಲ್ಪನೆಗೆ ಬಹಳ ಹತ್ತಿರದಲ್ಲಿಯೇ ಇರುತ್ತಾರೆ. ಬರಹಕ್ಕೂ ಪಾಲಿಗೂ ವ್ಯತ್ಯಾಸವುಂಟು. ಬರಹವೆಂದರೆ ಏನು ನಡೆಯುವುದೋ ಅದೆಲ್ಲವೂ ಮೊದಲೇ ಬರೆದಿದೆಯೆಂದಾಯಿತು. ಪಾಲೆಂದರೆ ಎಲ್ಲಿಯವರೆಗೆ ನಿನ್ನದು, ಎಲ್ಲಿಂದಾಚೆಗೆ ನಿನ್ನದಲ್ಲ ಎಂಬ ಗಡಿ ಮಾತ್ರ. ಗಡಿಯ ಒಳಗೆ ಏನು ಬೆಳೆಯಬೇಕೆಂಬುದು ಹೊಲದ ಒಡೆಯನಿಗೆ ಸೇರಿದ್ದು. ಗ್ರೀಕರ ವಿಧಿಯನ್ನು ಅರಿಯಲು ಈ ವ್ಯತ್ಯಾಸ ಬಹು ಮುಖ್ಯವಾದುದು.

ಹೋಮರನಲ್ಲಿ ಮೊಯ್ರಾ ಬಹುಮಟ್ಟಿಗೆ ಒಬ್ಬಳೇ. ಅವಳಿಗೆ ರೂಪವಿಲ್ಲ, ಕಥೆಯಿಲ್ಲ. ಹೆಕ್ಟರನ ತಾಯಿ ತನ್ನ ಮಗನ ಶವವನ್ನು ನೆನೆದು ದುಃಖಿಸುವಾಗ, ತಾನು ಹೆತ್ತ ದಿನವೇ ಮೊಯ್ರಾ ಈ ಎಳೆಯನ್ನು ನೂತಿದ್ದಳೆಂದು ಹೇಳುತ್ತಾಳೆ; ಅಷ್ಟೇ. ಮೂವರನ್ನು ಹೆಸರಿಸಿ ಹೇಳಿದವನು ಹೆಸಿಯಡ್ ಕವಿ. ಕ್ಲೋಥೋ ಎಂದರೆ ನೂಲುವವಳು, ಲ್ಯಾಕೆಸಿಸ್ ಎಂದರೆ ಪಾಲು ಹಂಚುವವಳು, ಅಟ್ರೊಪಾಸ್ ಎಂದರೆ ತಿರುಗಿಸಲಾಗದವಳು. ಕುತೂಹಲದ ಸಂಗತಿಯೆಂದರೆ ಹೆಸಿಯಡ್ ತನ್ನ ‘ದೇವವಂಶಾವಳಿ’ ಎಂಬ ಒಂದೇ ಕಾವ್ಯದಲ್ಲಿ ಇವರಿಗೆ ಎರಡು ಬೇರೆ ಬೇರೆ ಜನ್ಮಗಳನ್ನು ಹೇಳುತ್ತಾನೆ. ಒಂದೆಡೆ ಅವರು ತಂದೆಯಿಲ್ಲದೆ ರಾತ್ರಿಯಿಂದ ಹುಟ್ಟಿದವರು. ಮರಣ, ನಿದ್ರೆ, ಕಲಹಗಳ ಸೋದರಿಯರು. ಇನ್ನೊಂದೆಡೆ ಅವರು ದೇವರಾಜನಾದ ಝ್ಯೂಸನಿಗೆ ಧರ್ಮದೇವತೆಯಾದ ಥೆಮಿಸಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು. ನ್ಯಾಯ ಮತ್ತು ಶಾಂತಿಗಳ ಒಡಹುಟ್ಟಿದವರು. ವಿದ್ವಾಂಸರಲ್ಲಿ ಕೆಲವರು ಇದನ್ನು ಪ್ರಕ್ಷೇಪವೆಂದು ತಳ್ಳಿಹಾಕುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಮರಣವು ಕುರುಡು ಕತ್ತಲೆಯಿಂದ ಬರುತ್ತದೆಯೋ, ಲೋಕದ ನ್ಯಾಯವ್ಯವಸ್ಥೆಯ ಒಂದು ಅಂಗವಾಗಿ ಬರುತ್ತದೆಯೋ ಎಂಬ ಪ್ರಶ್ನೆಗೆ ಮನುಷ್ಯನ ಮನಸ್ಸು ಎರಡು ಉತ್ತರಗಳನ್ನೂ ಕೊಡುತ್ತದೆ. ಕವಿ ಎರಡನ್ನೂ ಉಳಿಸಿಕೊಂಡನು.

ಅಟ್ರೊಪಾಸಳ ಕೈಯಲ್ಲಿ ಕತ್ತರಿಯಿರುವ ಚಿತ್ರ ಎಲ್ಲರೂ ಬಲ್ಲದ್ದು. ಆದರೆ ಹೋಮರನಲ್ಲಾಗಲಿ ಹೆಸಿಯಡನಲ್ಲಾಗಲಿ ಕತ್ತರಿಯ ಮಾತಿಲ್ಲ. ಅದು ಈಚಿನ ಕಾಲದವರ ಕಲ್ಪನೆ. ಹಳೆಯ ಭಾವನೆಯಲ್ಲಿ ನೂಲನ್ನು ಯಾರೂ ಕತ್ತರಿಸುವುದಿಲ್ಲ, ಅದು ಮುಗಿಯುತ್ತದೆ.

ಈ ನೂಲು ಉಣ್ಣೆಯ ನೂಲೆಂಬುದನ್ನು ಮರೆಯಬಾರದು. ಗ್ರೀಕರ ಮನೆಗಳಲ್ಲಿ ನೂಲುವುದು ಹೆಂಗಸರ ನಿತ್ಯದ ಕೆಲಸ. ಹಿಂಜಿದ ಉಣ್ಣೆಯಿಂದ ಒಂದೊಂದು ಚೂರನ್ನೇ ಎಳೆದು, ತೂಗುವ ಕದಿರಿನ ತಿರುವಿನಲ್ಲಿ ಹುರಿಗೊಳಿಸುವಾಗ ಎಳೆ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂಬುದೆಲ್ಲ ನೂಲುವವಳ ಬೆರಳಿಗೆ ಸೇರಿದ್ದು. ಉಣ್ಣೆಗೆ ಅಲ್ಲಿ ಸ್ವಂತ ಇಚ್ಛೆಯಿಲ್ಲ. ಶಿಡ್ಲಘಟ್ಟದ ಕಡೆಯ ಎಳೆ ಇದಕ್ಕಿಂತ ಭಿನ್ನವಾದುದು. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಅಲ್ಲಿದೆ. ನೂಲು ಬಿಚ್ಚಾಣಿಕೆಯ ಕಸುಬು ಮನೆಮನೆಯದು. ಹಣ್ಣಾದ ಹುಳುವನ್ನು ಚಂದ್ರಿಕೆಯ ಮೇಲೆ ಬಿಟ್ಟರೆ, ಅದು ಎರಡು ಮೂರು ದಿನಗಳ ಕಾಲ ತಲೆಯನ್ನು ಅತ್ತಿತ್ತ ಆಡಿಸುತ್ತ ತನ್ನ ಬಾಯಿಂದಲೇ ಎಳೆ ಬಿಟ್ಟು, ತನ್ನ ಸುತ್ತ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಒಳ್ಳೆಯ ಗೂಡೊಂದರಲ್ಲಿ ಸುಮಾರು ೧೦೦೦ ಮೀಟರಿನಷ್ಟು ಉದ್ದದ ಒಂದೇ ಎಳೆಯಿರುವುದುಂಟು. ಒಳಗಿನ ಜೀವ ಚಿಟ್ಟೆಯಾಗಿ ಹೊರಬಂದರೆ ಎಳೆ ತುಂಡಾಗುವುದೆಂದು ಗೂಡನ್ನು ಮೊದಲೇ ಬಿಸಿಗೊಡ್ಡಿ, ಆಮೇಲೆ ಬಿಸಿನೀರಿನಲ್ಲಿ ಹಾಕಿ, ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲಾಗಿ ತೆಗೆಯುತ್ತಾರೆ. ಅಕ್ಕಮಹಾದೇವಿಯು ತೆರಣಿಯ ಹುಳುವಿನ ದೃಷ್ಟಾಂತವನ್ನು ತಂದಿರುವುದು ವಾಚಕರಿಗೆ ನೆನಪಿರಬಹುದು. ಆ ಹುಳು ತನ್ನ ಮೋಹದಿಂದ ಮನೆ ಮಾಡಿಕೊಂಡು, ತನ್ನ ನೂಲಿನಿಂದ ತಾನೇ ಬಿಗಿದುಕೊಂಡು ಸಾಯುತ್ತದೆ. ಮನ ಬಂದುದನ್ನು ಬಯಸಿ ತಾನೂ ಹಾಗೆ ಬೇಯುತ್ತಿದ್ದೇನೆ, ಬಿಡಿಸು ಎಂದು ಅಕ್ಕ ಚೆನ್ನಮಲ್ಲಿಕಾರ್ಜುನನನ್ನು ಬೇಡುತ್ತಾಳೆ. ಕ್ಲೋಥೋ ಹೊರಗೆ ಕುಳಿತು ಮನುಷ್ಯನಿಗಾಗಿ ನೂಲುತ್ತಾಳೆ. ಅಕ್ಕನ ದೃಷ್ಟಿಯಲ್ಲಿ ನೂಲುವವನೂ ಬಂಧಿತನೂ ಒಬ್ಬನೇ. ಗ್ರೀಕರಿಗೆ ವಿಧಿಯಾದದ್ದು ಇಲ್ಲಿ ಕರ್ಮವಾಗಿದೆ.

ವಿಧಿಯನ್ನು ನೂಲಿನ ರೂಪದಲ್ಲಿ ಕಾಣುವುದು ಭಾರತಕ್ಕೆ ತೀರ ಹೊಸದೆಂದು ಇದರಿಂದ ತಿಳಿಯಬಾರದು. ಮಹಾಭಾರತದ ಆದಿಪರ್ವದಲ್ಲಿ ಉತ್ತಂಕನು ಕಳೆದುಹೋದ ಕುಂಡಲಗಳನ್ನು ಅರಸುತ್ತ ನಾಗಲೋಕಕ್ಕೆ ಇಳಿದಾಗ, ಇಬ್ಬರು ಸ್ತ್ರೀಯರು ಮಗ್ಗದ ಮುಂದೆ ಕುಳಿತು ಕಪ್ಪು ಬಿಳುಪಿನ ಎಳೆಗಳಿಂದ ಬಟ್ಟೆ ನೇಯುತ್ತಿರುವುದನ್ನು ಕಾಣುತ್ತಾನೆ. ಆರು ಮಂದಿ ಕುಮಾರರು ಒಂದು ಚಕ್ರವನ್ನು ತಿರುಗಿಸುತ್ತಿರುತ್ತಾರೆ. ಆ ಸ್ತ್ರೀಯರು ಧಾತಾ ವಿಧಾತಾ ಎಂಬ ಶಕ್ತಿಗಳೆಂದೂ ಎಳೆಗಳು ಹಗಲು ರಾತ್ರಿಗಳೆಂದೂ ಚಕ್ರವು ಸಂವತ್ಸರವೆಂದೂ ಕುಮಾರರು ಋತುಗಳೆಂದೂ ಗುರುವು ಅವನಿಗೆ ಮುಂದೆ ವಿವರಿಸುತ್ತಾನೆ. ಮೊಯ್ರಾಯರಿಗೆ ಇಷ್ಟು ಸಮೀಪವಾದ ಚಿತ್ರ ನಮ್ಮ ಸಾಹಿತ್ಯದಲ್ಲಿ ಮತ್ತೊಂದಿಲ್ಲವೆಂದು ತೋರುತ್ತದೆ. ಆದರೂ ಒಂದು ಭೇದವನ್ನು ಗಮನಿಸಬೇಕು. ಅವರು ನೇಯುವುದು ಕಾಲವನ್ನು. ಯಾವನೋ ಒಬ್ಬನ ಆಯುಸ್ಸನ್ನಲ್ಲ.

ಒಬ್ಬೊಬ್ಬರ ಆಯುಸ್ಸನ್ನು ನಿರ್ಣಯಿಸುವ ದೇವಿಯನ್ನು ಕಾಣಬೇಕಾದರೆ ಗ್ರಂಥಗಳನ್ನು ಬಿಟ್ಟು ಬಾಣಂತಿಯ ಕೋಣೆಗೆ ಹೋಗಬೇಕು. ಉತ್ತರ ಕರ್ನಾಟಕದಲ್ಲಿ ಸೆಟವಿ, ಸಟವಿ, ಶೆಟಿವೆವ್ವ ಎಂದು ನಾನಾ ಬಗೆಯಾಗಿ ಕರೆಯಲ್ಪಡುವ ದೇವಿ ಮೂಲತಃ ಷಷ್ಠೀದೇವಿಯೇ. ಮಗು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಅವಳು ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆಂದು ನಂಬಿಕೆ. ಗ್ರೀಕರಲ್ಲಿಯೂ ಹೀಗೆಯೇ. ಮೆಲಿಯಾಗರನೆಂಬ ವೀರನು ಏಳು ದಿನದ ಕೂಸಾಗಿದ್ದಾಗ ಮೊಯ್ರಾಯರು ಮನೆಗೆ ಬಂದು, ಒಲೆಯಲ್ಲಿ ಉರಿಯುತ್ತಿರುವ ಈ ಕೊಳ್ಳಿ ಸುಟ್ಟು ಮುಗಿದಂದು ಇವನು ಸಾಯುವನೆಂದು ನುಡಿದರೆಂದು ಅಪೊಲೊಡೋರಸನ ಹೆಸರಿನ ಪುರಾಣಸಂಗ್ರಹದಲ್ಲಿ ಹೇಳಿದೆ. ತಾಯಿಯಾದ ಆಲ್ಥಿಯಾ ಕೂಡಲೇ ಕೊಳ್ಳಿಯನ್ನು ಎಳೆದು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದಳು. ಮಗನು ಬೆಳೆದು, ಕಾಡುಹಂದಿಯ ಬೇಟೆಯ ಜಗಳದಲ್ಲಿ ಅವಳ ಸೋದರರನ್ನೇ ಕೊಂದಾಗ, ಅದೇ ತಾಯಿ ಅದೇ ಕೊಳ್ಳಿಯನ್ನು ತೆಗೆದು ಬೆಂಕಿಗೆ ಹಾಕಿದಳು. ದೇವಿಯರು ಹೇಳಿದ್ದು ನಿಜವಾಯಿತು. ಆದರೆ ಕೊಳ್ಳಿಯನ್ನು ಹಾಕಿದ್ದು ದೇವಿಯರ ಕೈಯಲ್ಲ. ಈ ನಂಬಿಕೆ ಪುರಾಣದೊಂದಿಗೆ ಮುಗಿಯಲಿಲ್ಲ. ಕ್ರೈಸ್ತಮತ ಬಂದ ಎಷ್ಟೋ ಶತಮಾನಗಳ ನಂತರವೂ ಗ್ರೀಸಿನ ಹಳ್ಳಿಗಳಲ್ಲಿ ಮಗು ಹುಟ್ಟಿದ ಮೂರನೆಯ ರಾತ್ರಿ ‘ಮೀರೆ’ಯರು ಬರುತ್ತಾರೆಂದು ಸಿಹಿತಿನಿಸುಗಳನ್ನಿಟ್ಟು ಕಾಯುವ ಪದ್ಧತಿಯಿತ್ತು. ಎ. ಕೆ. ರಾಮಾನುಜನ್ ಅವರು ಚರ್ಚಿಸಿರುವ ಕನ್ನಡದ ಜನಪದ ಕಥೆಯೊಂದು ಇಲ್ಲಿ ಸಾಹಿತ್ಯದ ಅಭ್ಯಾಸಿಗಳಿಗೆ ಉಪಯುಕ್ತವಾದೀತು. ತನ್ನ ಮಗನನ್ನೇ ಅರಿಯದೆ ಮದುವೆಯಾಗುವಳೆಂಬ ವಿಧಿಯನ್ನು ಹೊತ್ತು ಹುಟ್ಟಿದ ಹೆಣ್ಣಿನ ಕಥೆ ಅದು. ಸಾಫೋಕ್ಲೀಸನ ‘ದೊರೆ ಈಡಿಪಸ್’ ನಾಟಕವನ್ನು ಲಂಕೇಶರ ಅನುವಾದದಲ್ಲಿ ಓದಿದವರು ಇದನ್ನು ಜೊತೆಯಲ್ಲಿಟ್ಟು ನೋಡಬೇಕು. ಅಲ್ಲಿ ಕಥೆ ಮಗನದು, ಇಲ್ಲಿ ತಾಯಿಯದು.

ಇನ್ನು ಲ್ಯಾಕೆಸಿಸ್. ಮೂವರಲ್ಲಿ ಇವಳ ವಿಚಾರ ನಮ್ಮ ಪಾಠಗಳಲ್ಲಿ ಅತಿ ಕಡಿಮೆ ಬರುತ್ತದೆ; ನಮ್ಮ ಎಣಿಕೆಯಲ್ಲಿ ಇವಳೇ ಅತಿ ಮುಖ್ಯಳು. ಇವಳ ಹೆಸರು ಚೀಟಿಯೆತ್ತಿ ಪಾಲು ಹಂಚುವುದನ್ನು ಸೂಚಿಸುತ್ತದೆ. ಒಬ್ಬನಿಗೆ ಬಂದ ಪಾಲನ್ನು ಇನ್ನೊಬ್ಬನು ತೆಗೆದುಕೊಳ್ಳಬಹುದೆ? ಮರಣದ ಸರದಿಯನ್ನು ಬದಲಿಸಬಹುದೆ? ಕ್ರಿಸ್ತಪೂರ್ವ ೪೩೮ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶಿತವಾದ ಯೂರಿಪಿಡೀಸನ ‘ಆಲ್ಸೆಸ್ಟಿಸ್’ ನಾಟಕದ ವಸ್ತುವೇ ಇದು. ಅಪೊಲೊ ದೇವನು ದಂಡನೆಗೊಳಗಾಗಿ ಅಡ್ಮೀಟಸ್ ಎಂಬ ಅರಸನ ಮನೆಯಲ್ಲಿ ದನ ಕಾಯುತ್ತಿದ್ದು, ಅವನ ಸಜ್ಜನಿಕೆಗೆ ಮೆಚ್ಚಿ, ಮೊಯ್ರಾಯರನ್ನು ಒಪ್ಪಿಸಿ ಒಂದು ವರವನ್ನು ಕೊಡಿಸಿದನು. ಅವರಿಗೆ ದ್ರಾಕ್ಷಾರಸವನ್ನು ಕುಡಿಸಿ ಮೈಮರೆಸಿದನೆಂದು ಈಸ್ಕಿಲಸ್ ಹೇಳುತ್ತಾನೆ. ವಿಧಿದೇವಿಯರಿಗೂ ಇಂತಹ ದೌರ್ಬಲ್ಯವಿದ್ದೀತೆಂದು ಗ್ರೀಕರು ನಗಬಲ್ಲವರಾಗಿದ್ದರು. ವರವೇನೆಂದರೆ, ಸಾವಿನ ದಿನ ಬಂದಾಗ ಅಡ್ಮೀಟಸನ ಬದಲು ಬೇರೆ ಯಾರಾದರೂ ಸಾಯಲೊಪ್ಪಿದರೆ ಅವನು ಬದುಕುವನು. ಅವನು ಎಲ್ಲರನ್ನೂ ಕೇಳಿದನು. ಮುಪ್ಪಿನ ತಂದೆ ಒಪ್ಪಲಿಲ್ಲ, ತಾಯಿಯೂ ಒಪ್ಪಲಿಲ್ಲ. ಒಪ್ಪಿದವಳು ಎಳೆಯ ಮಕ್ಕಳ ತಾಯಿಯಾದ ಹೆಂಡತಿ ಆಲ್ಸೆಸ್ಟಿಸ್. ಶವದ ಮುಂದೆಯೇ ತಂದೆಮಕ್ಕಳು ನಿಂತು, ನೀನು ಸಾಯಬಹುದಾಗಿತ್ತು, ನೀನು ಸಾಯಬಹುದಾಗಿತ್ತು ಎಂದು ಜಗಳವಾಡುವ ದೃಶ್ಯ ಗ್ರೀಕ್ ನಾಟಕಗಳಲ್ಲೆಲ್ಲ ಅತ್ಯಂತ ಕ್ರೂರವಾದ ದೃಶ್ಯಗಳಲ್ಲಿ ಒಂದು. ಕೊನೆಗೆ ಅತಿಥಿಯಾಗಿ ಬಂದ ಹೆರಾಕ್ಲೀಸನು ಗೋರಿಯ ಬಳಿ ಮೃತ್ಯುವಿನೊಡನೆ ಸೆಣಸಿ ಅವಳನ್ನು ಮರಳಿ ತರುತ್ತಾನೆ. ತಂದ ಮೇಲೆ ಮೂರು ದಿನ ಅವಳು ಮಾತಾಡಬಾರದೆಂದು ನಿಯಮ. ಗಂಡನು ಸಂತೋಷದಿಂದ ಮಾತಾಡುತ್ತಾನೆ, ಅವಳು ಸುಮ್ಮನಿರುತ್ತಾಳೆ. ಆ ಮೌನವನ್ನು ಯೂರಿಪಿಡೀಸ್ ಬೇಕೆಂದೇ ಇಟ್ಟಿದ್ದಾನೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಚಿಂತಾಮಣಿ ತಾಲ್ಲೂಕಿನ ಕೈವಾರವು ಇಂದು ಯೋಗಿ ನಾರೇಯಣರ ಕ್ಷೇತ್ರವೆಂದೂ ಅವರ ಕಾಲಜ್ಞಾನದಿಂದಲೂ ಪ್ರಸಿದ್ಧವಾಗಿದೆ. ಆದರೆ ಊರಿನ ಐತಿಹ್ಯ ಅದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಅದೇ ಮಹಾಭಾರತದ ಏಕಚಕ್ರಪುರ, ಪಾಂಡವರು ವೇಷ ಮರೆಸಿಕೊಂಡಿದ್ದ ಊರು, ಭೀಮನು ಬಕಾಸುರನನ್ನು ಕೊಂದ ಸ್ಥಳ ಎಂದು ಅಲ್ಲಿಯವರು ಹೇಳುತ್ತಾರೆ. ಏಕಚಕ್ರವೆಂದು ಹೇಳಿಕೊಳ್ಳುವ ಊರುಗಳು ಭಾರತದಲ್ಲಿ ಹಲವಿವೆ; ಆ ವಾದ ನಮಗಿಲ್ಲಿ ಬೇಡ. ಕಥೆ ಮುಖ್ಯ. ಬಕನಿಗೆ ಗಾಡಿ ತುಂಬ ಅನ್ನ, ಎರಡು ಕೋಣ, ಜೊತೆಗೆ ಒಬ್ಬ ಮನುಷ್ಯ. ಇದನ್ನು ಮನೆಮನೆಯೂ ಸರದಿಯಂತೆ ಕಳುಹಿಸಬೇಕು. ಲ್ಯಾಕೆಸಿಸಳ ಚೀಟಿ ಎಂದರೆ ಇದೇ ಅಲ್ಲವೆ? ಕುಂತಿ ಮಕ್ಕಳೊಡನೆ ಇಳಿದುಕೊಂಡಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂತು. ಈಗ ಅಡ್ಮೀಟಸನ ಮನೆಯನ್ನು ನೆನೆಯಿರಿ. ಇಲ್ಲಿ ತಂದೆ ನಾನು ಹೋಗುತ್ತೇನೆನ್ನುತ್ತಾನೆ. ತಾಯಿ, ಬೇಡ, ನಿಮ್ಮಿಲ್ಲದೆ ಮಕ್ಕಳನ್ನು ಸಾಕಲಾರೆ, ನಾನು ಹೋಗುತ್ತೇನೆನ್ನುತ್ತಾಳೆ. ಮಗಳು, ಹೇಗಿದ್ದರೂ ಒಂದು ದಿನ ಈ ಮನೆ ಬಿಡಬೇಕಾದವಳು ನಾನು, ನನ್ನನ್ನು ಕಳುಹಿಸಿ ಎನ್ನುತ್ತಾಳೆ. ಅಲ್ಲಿ ಯಾರೂ ಒಪ್ಪದ ಪಾಲನ್ನು ಇಲ್ಲಿ ಎಲ್ಲರೂ ತಮ್ಮದೆನ್ನುತ್ತಾರೆ. ಅಷ್ಟರಲ್ಲಿ ತೊದಲುಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿಯನ್ನು ಹಿಡಿದುಕೊಂಡು ಬಂದು, ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆಂದು ಹೇಳುತ್ತಾನೆ. ಅಳುತ್ತಿದ್ದವರು ನಗುತ್ತಾರೆ. ಆ ನಗುವಿನ ಗಳಿಗೆಯನ್ನು ನೋಡಿಕೊಂಡೇ ಕುಂತಿ ಒಳಗೆ ಬರುತ್ತಾಳೆ, ಐವರು ಮಕ್ಕಳಲ್ಲಿ ಒಬ್ಬನನ್ನು ಕೊಡುತ್ತೇನೆಂದು ಹೇಳುತ್ತಾಳೆ. ಭೀಮನು ಹೋದನು; ಸರದಿಯೇ ಮುರಿದುಹೋಯಿತು.

ಕುಂತಿ ಮಾಡಿದ್ದು ಒಬ್ಬರ ಪಾಲನ್ನು ಇನ್ನೊಬ್ಬರಿಗೆ ವರ್ಗಾಯಿಸಿದ್ದಲ್ಲ ಎಂಬುದನ್ನು ಗಮನಿಸಬೇಕು. ಅವಳು ಹಂಚಿಕೆಯ ಕ್ರಮವನ್ನೇ ಪ್ರಶ್ನಿಸಿದಳು. ಊರವರು ತಲೆಬಾಗಿ ಒಪ್ಪಿಕೊಂಡಿದ್ದ ಸರದಿಯಲ್ಲಿ ದೈವದ ಕೈವಾಡವೇನೂ ಇರಲಿಲ್ಲ. ರಾಕ್ಷಸನ ಹೊಟ್ಟೆಯೂ, ಪ್ರಜೆಗಳನ್ನು ಕಾಯಲಾರದ ಅರಸನ ಅಸಾಮರ್ಥ್ಯವೂ ಅದಕ್ಕೆ ಕಾರಣವಾಗಿದ್ದುವು. ಇಂತಹ ಅರಸನ ರಾಜ್ಯದಲ್ಲಿ ವಾಸವಾಗಿದ್ದುದೇ ತಪ್ಪಾಯಿತೆಂದು ಆ ಬ್ರಾಹ್ಮಣನೇ ಕುಂತಿಯೊಡನೆ ಹೇಳಿಕೊಳ್ಳುತ್ತಾನೆ. ವಿಧಿಯೆಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಇಂತಹುದೋ!

ಮೂರನೆಯವಳಾದ ಅಟ್ರೊಪಾಸಳನ್ನು ತಿರುಗಿಸಲಾಗದೆಂದು ಹೆಸರೇ ಹೇಳುತ್ತದೆ. ದೇವರಾಜನಿಂದಲೂ ಆಗದೆ? ಇಲಿಯಡಿನ ೧೬ನೆಯ ಸರ್ಗದಲ್ಲಿ ಈ ಪ್ರಶ್ನೆ ಏಳುತ್ತದೆ. ಝ್ಯೂಸನ ಸ್ವಂತ ಮಗನಾದ ಸಾರ್ಪೆಡಾನ್ ಯುದ್ಧರಂಗದಲ್ಲಿ ಪೆಟ್ರೋಕ್ಲಸನ ಕೈಯಲ್ಲಿ ಸಾಯುವ ಸಮಯ ಬಂದಿದೆ. ತಂದೆಯ ಮನಸ್ಸು ಹೊಯ್ದಾಡುತ್ತದೆ. ಎತ್ತಿಕೊಂಡು ಹೋಗಿ ಊರು ಸೇರಿಸಲೇ ಎಂದು ಯೋಚಿಸುತ್ತಾನೆ. ಆಗ ಪತ್ನಿಯಾದ ಹೀರಾ ಹೇಳುವ ಮಾತನ್ನು ನಮ್ಮ ಕೈಪಿಡಿಗಳು ಸಾಮಾನ್ಯವಾಗಿ ತಪ್ಪಾಗಿ ಸಂಗ್ರಹಿಸುತ್ತವೆ. ನಿನ್ನಿಂದ ಆಗದೆಂದು ಅವಳು ಹೇಳುವುದಿಲ್ಲ. ಮಾಡು, ಆದರೆ ನಾವೆಲ್ಲರೂ ಅದನ್ನು ಮೆಚ್ಚುವುದಿಲ್ಲ; ನೀನು ನಿನ್ನ ಮಗನನ್ನು ಉಳಿಸಿಕೊಂಡರೆ ಇತರ ದೇವತೆಗಳೂ ತಮ್ಮ ತಮ್ಮ ಮಕ್ಕಳನ್ನು ಉಳಿಸಿಕೊಳ್ಳ ಬಯಸುವರು ಎನ್ನುತ್ತಾಳೆ. ಝ್ಯೂಸನು ಒಪ್ಪುತ್ತಾನೆ. ನೆಲದ ಮೇಲೆ ರಕ್ತದ ಹನಿಗಳ ಮಳೆ ಸುರಿಸುತ್ತಾನೆ. ಮಗನು ಸತ್ತ ಮೇಲೆ ನಿದ್ರೆ ಮತ್ತು ಮರಣವೆಂಬ ಅವಳಿ ಸೋದರರು ಶವವನ್ನು ಹೊತ್ತು ತಾಯ್ನಾಡಿಗೆ ಮುಟ್ಟಿಸುತ್ತಾರೆ. ಇಲ್ಲಿ ವಿಧಿಯು ದೇವರಿಗಿಂತ ಬಲಶಾಲಿಯೆಂದು ಹೇಳುವುದಕ್ಕಿಂತ, ನ್ಯಾಯಾಸನದಲ್ಲಿ ಕುಳಿತವನು ತನ್ನ ಮಗನಿಗಾಗಿ ಕಟ್ಟಳೆಯನ್ನು ಮುರಿಯಲಿಲ್ಲವೆಂದು ಹೇಳುವುದು ಹೆಚ್ಚು ಸರಿ. ಡೆಲ್ಫಿಯ ದೇವಾಲಯದಲ್ಲಿ ಎರಡೇ ಮೊಯ್ರಾಯರ ಮೂರ್ತಿಗಳಿದ್ದು, ಮೂರನೆಯವಳ ಸ್ಥಾನದಲ್ಲಿ ಝ್ಯೂಸ್ ಮತ್ತು ಅಪೊಲೊ ‘ಮೊಯ್ರಾಯರ ನಾಯಕ’ರೆಂಬ ಬಿರುದಿನಿಂದ ನಿಂತಿದ್ದರೆಂದು ಪ್ರವಾಸಿಯಾದ ಪಾಸೇನಿಯಸ್ ಬರೆದಿದ್ದಾನೆ.

ಶೈವರಾದ ನಮಗೆ ಇಲ್ಲಿ ಮಾರ್ಕಂಡೇಯನ ನೆನಪಾಗದಿರದು. ೧೬ ವರ್ಷದ ಆಯುಸ್ಸು ಮುಗಿದಾಗ ಯಮಪಾಶ ಬೀಳುತ್ತದೆ. ಲಿಂಗವನ್ನಪ್ಪಿದ ಬಾಲಕನನ್ನು ಬಿಡಿಸಲು ಶಿವನು ಯಮನನ್ನೇ ಒದೆಯುತ್ತಾನೆ. ಝ್ಯೂಸನು ಮಾಡದೆ ಉಳಿದುದನ್ನು ಶಿವನು ಮಾಡಿದನೆಂದು ಹೇಳಿ ಒಂದು ಮತದ ಹಿರಿಮೆಯನ್ನು ಸಾಧಿಸುವುದು ಸುಲಭ. ಆದರೆ ಎರಡು ಕಥೆಗಳ ಪ್ರಶ್ನೆಗಳೇ ಬೇರೆ. ಸಾರ್ಪೆಡಾನ್ ತಂದೆಯನ್ನು ಏನನ್ನೂ ಬೇಡಲಿಲ್ಲ. ಅವನ ಸಂಬಂಧ ರಕ್ತದ ಸಂಬಂಧ. ಮಾರ್ಕಂಡೇಯನದು ಶರಣಾಗತಿಯ ಸಂಬಂಧ. ಹೋಮರನ ಕಥೆ ನ್ಯಾಯದ್ದು, ಪುರಾಣದ ಕಥೆ ಕರುಣೆಯದು.

ನ್ಯಾಯದ ಪ್ರಶ್ನೆಯನ್ನೇ ಎತ್ತುವ ನಮ್ಮ ಕಥೆ ಬೇಕಾದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಬರಬೇಕು. ಉತ್ತರ ಪಿನಾಕಿನಿಯ ದಡದ ಈ ಊರನ್ನು ಚರಿತ್ರೆ ಬಲ್ಲವರು ೧೯೩೮ರ ಏಪ್ರಿಲ್ ೨೫ರ ಗೋಲಿಬಾರಿನಿಂದ ಬಲ್ಲರು. ಭಕ್ತರು ಅಶ್ವತ್ಥದಿಂದಲೂ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಿಂದಲೂ ಬಲ್ಲರು. ವಿದುರನು ನೆಟ್ಟದ್ದೆಂದು ನಂಬಲಾಗಿದ್ದ ಹಳೆಯ ಮರ ೨೦೦೧ರಲ್ಲಿ ನೆಲಕ್ಕುರುಳಿತು. ಮಕ್ಕಳ ಭಾಗ್ಯವನ್ನು ಬೇಡಿ ನಾಗಪ್ರತಿಷ್ಠೆ ಮಾಡಿಸುವವರು ಇಂದಿಗೂ ಬರುತ್ತಾರೆ. ವಿದುರನು ಯಾರು? ಆದಿಪರ್ವದ ಪ್ರಕಾರ ಅವನು ಸಾಕ್ಷಾತ್ ಯಮಧರ್ಮ. ಅವನು ಭೂಮಿಗೆ ಬಂದುದು ತನ್ನ ತೀರ್ಪಿಗೆ ತಾನೇ ಪಡೆದ ದಂಡನೆಯಿಂದ. ಮೌನವ್ರತದಲ್ಲಿದ್ದ ಮಾಂಡವ್ಯ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲನ್ನು ಬಚ್ಚಿಟ್ಟರು. ರಾಜಭಟರು ಋಷಿಯನ್ನೇ ಶೂಲಕ್ಕೇರಿಸಿದರು. ಅವನು ಸಾಯಲಿಲ್ಲ. ಮುಂದೆ ಯಮಧರ್ಮನ ಸಭೆಗೆ ಹೋಗಿ, ಯಾವ ಕರ್ಮಕ್ಕೆ ಈ ಫಲವೆಂದು ಕೇಳಿದನು. ಮಗುವಾಗಿದ್ದಾಗ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ್ದೆ ಎಂದು ಉತ್ತರ ಬಂತು. (ಏಕಚಕ್ರದ ಮಗುವಿನ ಕೈಯಲ್ಲೂ ಹುಲ್ಲುಕಡ್ಡಿಯೇ ಇತ್ತು.) ಅಲ್ಪ ಅಪರಾಧಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಸಿಟ್ಟುಗೊಂಡ ಋಷಿ, ನೀನು ಮನುಷ್ಯನಾಗಿ, ದಾಸಿಯ ಮಗನಾಗಿ ಹುಟ್ಟು ಎಂದು ಯಮನಿಗೇ ಶಾಪವಿತ್ತನು. ದಾಸಿಯ ಬಸುರಿನಲ್ಲಿ ಹುಟ್ಟುವುದನ್ನು ಶಿಕ್ಷೆಯೆಂದು ಎಣಿಸಿದ ಈ ಭಾಗವನ್ನು ಶರಣರ ಮಾತು ಕೇಳಿದವರು ಒಪ್ಪುವಂತಿಲ್ಲ. ಆದರೆ ಋಷಿ ಅಷ್ಟಕ್ಕೇ ನಿಲ್ಲಲಿಲ್ಲ. ೧೪ ವರ್ಷ ತುಂಬುವವರೆಗೆ ಮಾಡಿದ್ದು ಪಾಪವೆನಿಸದೆಂದು ಲೋಕಕ್ಕೆ ಹೊಸದೊಂದು ಮರ್ಯಾದೆಯನ್ನು ಸ್ಥಾಪಿಸಿದನು. ಕರ್ಮಫಲದ ಲೆಕ್ಕ ಹಿಡಿಯುವವನ ಕಟ್ಟಳೆಯನ್ನು ಒಬ್ಬ ಮನುಷ್ಯನು ತಿದ್ದಿದನು. ಅದೂ ತನಗಾಗಿ ಅಲ್ಲ, ಮುಂದಿನ ಮಕ್ಕಳಿಗಾಗಿ. ಅಟ್ರೊಪಾಸಳ ಮುಂದೆ ನಿಂತು ಹೀಗೆ ಪ್ರಶ್ನಿಸಿದ ಗ್ರೀಕ್ ವೀರನನ್ನು ನಾವು ಕಾಣೆವು.

ಹಾಗೆಂದು ಗ್ರೀಕರು ಕೈಕಟ್ಟಿ ಕುಳಿತವರಲ್ಲ. ಒಡಿಸ್ಸಿಯ ಆರಂಭದಲ್ಲಿಯೇ ಝ್ಯೂಸನು ದೇವಸಭೆಯಲ್ಲಿ ಬೇಸರದಿಂದ ಮಾತಾಡುತ್ತಾನೆ. ಮನುಷ್ಯರು ತಮ್ಮ ಕಷ್ಟಗಳಿಗೆಲ್ಲ ನಮ್ಮನ್ನು ದೂರುತ್ತಾರೆ. ಆದರೆ ತಮ್ಮ ಅವಿವೇಕದಿಂದ ಪಾಲಿಗಿಂತ ಹೆಚ್ಚಿನ ದುಃಖವನ್ನು ತಾವೇ ತಂದುಕೊಳ್ಳುತ್ತಾರೆ ಎಂಬುದು ಅವನ ಆಕ್ಷೇಪ. ನಿದರ್ಶನವಾಗಿ ಈಜಿಸ್ಥಸನನ್ನು ಹೇಳುತ್ತಾನೆ. ಅಗಮೆಮ್ನನನ್ನು ಕೊಲ್ಲಬೇಡ, ಅವನ ಹೆಂಡತಿಯನ್ನು ಬಯಸಬೇಡ ಎಂದು ದೇವದೂತನನ್ನೇ ಕಳುಹಿಸಿ ಎಚ್ಚರಿಸಿದರೂ ಅವನು ಕೇಳಲಿಲ್ಲ. ಪಾಲಿಗೆ ಮೀರಿದ ದುಃಖ ಎಂಬ ಮಾತನ್ನು ವಿಚಾರಿಸಬೇಕು. ವಿಧಿಯೇ ಎಲ್ಲವೂ ಆಗಿದ್ದರೆ ಪಾಲನ್ನು ಮೀರುವುದೆಂತು? ಪ್ಲೇಟೊ ‘ರಿಪಬ್ಲಿಕ್’ ಗ್ರಂಥದ ಕೊನೆಯಲ್ಲಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದನು. ಯುದ್ಧದಲ್ಲಿ ಸತ್ತು ಹನ್ನೆರಡನೆಯ ದಿನ ಚಿತೆಯ ಮೇಲೆ ಎಚ್ಚೆತ್ತ ಏರ್ ಎಂಬವನು ಪರಲೋಕದಲ್ಲಿ ಕಂಡುದನ್ನು ಹೇಳುತ್ತಾನೆ. ನಿಯತಿಯೆಂಬ ಮಹಾದೇವಿಯ ಮಡಿಲಲ್ಲಿ ವಿಶ್ವದ ಕದಿರು ತಿರುಗುತ್ತಿದೆ. ಅದರ ಎಂಟು ಬಿಲ್ಲೆಗಳೇ ನಕ್ಷತ್ರ, ಗ್ರಹ, ಸೂರ್ಯ, ಚಂದ್ರರ ಮಂಡಲಗಳು. ಬಿಳಿಯುಡುಪಿನ ಮೂವರು ಮೊಯ್ರಾಯರು ಸುತ್ತ ಕುಳಿತು, ಲ್ಯಾಕೆಸಿಸ್ ಕಳೆದುದನ್ನೂ ಕ್ಲೋಥೋ ಇರುವುದನ್ನೂ ಅಟ್ರೊಪಾಸ್ ಬರುವುದನ್ನೂ ಹಾಡುತ್ತ, ಕದಿರಿಗೆ ಕೈಗೊಡುತ್ತಾರೆ. ಮರಳಿ ಹುಟ್ಟಬೇಕಾದ ಜೀವಗಳ ಮುಂದೆ ನಾನಾ ಬಗೆಯ ಬಾಳುಗಳ ಮಾದರಿಗಳನ್ನು ಹರಡಿ, ಆರಿಸಿಕೊಳ್ಳಿರೆಂದು ಸಾರಲಾಗುತ್ತದೆ. ಚೀಟಿಯಿಂದ ನಿರ್ಣಯವಾಗುವುದು ಆರಿಸುವ ಸರದಿ ಮಾತ್ರ. ಆರಿಸುವುದು ಜೀವದ ಹೊಣೆ, ದೇವರದಲ್ಲ. ಮೊದಲ ಸರದಿ ಬಂದವನು ಆತುರದಿಂದ ದೊಡ್ಡ ಸರ್ವಾಧಿಕಾರಿಯ ಬಾಳನ್ನು ಎತ್ತಿಕೊಂಡು, ಆಮೇಲೆ ನೋಡಿದರೆ ಅದರಲ್ಲಿ ಸ್ವಂತ ಮಕ್ಕಳನ್ನು ತಿನ್ನುವ ದುರ್ಗತಿಯಿತ್ತು. ಅವನು ಎದೆ ಬಡ‌ಿದುಕೊಂಡು ದೈವವನ್ನು ಬೈದನು. ಕೊನೆಯ ಸರದಿ ಬಂದ ಒಡಿಸ್ಯೂಸನು ಬಹಳ ಹುಡುಕಿ, ಯಾರೂ ಲಕ್ಷಿಸದೆ ಮೂಲೆಯಲ್ಲಿ ಬಿಟ್ಟಿದ್ದ ಒಬ್ಬ ಸಾಮಾನ್ಯ ಗೃಹಸ್ಥನ ಬಾಳನ್ನು ಸಂತೋಷದಿಂದ ಆರಿಸಿಕೊಂಡನು. ಆರಿಸಿದ ಮೇಲೆ ಅಟ್ರೊಪಾಸ್ ಅದನ್ನು ತಿರುಗದಂತೆ ಗಟ್ಟಿಗೊಳಿಸುತ್ತಾಳೆ. ತಿರುಗಿಸಲಾಗದ್ದು ತಾನೇ ಆರಿಸಿದ ಬಾಳು.

ಈ ಕಥೆಯಲ್ಲಿ ಒಂದು ಅಪಾಯವೂ ಇದೆ. ಕಷ್ಟದಲ್ಲಿರುವವನನ್ನು ನೋಡಿ, ನೀನೇ ಆರಿಸಿಕೊಂಡದ್ದೆಂದು ಹೇಳಲು ಇದು ಎಡೆಕೊಡುತ್ತದೆ. ಹಣೆಬರಹವೆಂಬ ಮಾತಿಗೂ ಎರಡು ಮುಖಗಳಿವೆ. ಮಗನನ್ನು ಕಳೆದುಕೊಂಡ ತಾಯಿ ತನ್ನ ಹಣೆಬರಹವೆಂದುಕೊಂಡರೆ ಅದು ಅವಳಿಗೆ ಊರುಗೋಲು. ವೈದ್ಯರ ಬಳಿಗೆ ಹೊತ್ತಿಗೆ ಕರೆದೊಯ್ಯದವರು, ವಿಧವೆಯನ್ನು ಮೂಲೆಗೆ ತಳ್ಳಿದವರು, ಸಾಲಗಾರನ ಹೊಲವನ್ನು ಬರೆಸಿಕೊಂಡವರು ಅದೇ ಮಾತನ್ನು ಆಡಿದರೆ ಅದು ಬಕನ ಸರದಿಗೆ ಬರೆದ ರಸೀತಿ. ಮೊಯ್ರಾ ಎಂಬ ಪದವನ್ನು ಗ್ರೀಕರು ಬಹುಮಟ್ಟಿಗೆ ತಮ್ಮ ಸಾವಿನ ವಿಚಾರದಲ್ಲಿಯೋ ಸತ್ತವರಿಗಾಗಿ ಅಳುವಾಗಲೋ ಬಳಸಿದರು. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಸಾಫೋಕ್ಲೀಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ರಚಿಸಿದಾಗ, ವಿಧಿಯ ಜೊತೆಗೆ ನಾಯಕನ ಅಹಂಕಾರವನ್ನೂ ಇಟ್ಟು ತೂಗಿದುದು ಗ್ರೀಕರ ಮರ್ಮವನ್ನು ಅರಿತೇ.

ಕದಿರಿನ ಮಾತು ಬಂದುದರಿಂದ ಇನ್ನೊಬ್ಬ ನೂಲುವವಳನ್ನು ಹೇಳದೆ ಇರಲಾಗದು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರೆ ರೆಮ್ಮವ್ವೆಯ ಕಾಯಕ ನೂಲುವುದು. ದೊರೆತಿರುವುದು ಕೆಲವೇ ವಚನಗಳು. ಅವುಗಳಲ್ಲಿ ಒಂದರಲ್ಲಿ ಅವಳು ತಾನು ತಿರುಗಿಸುವ ರಾಟೆಯ ಕುಲವನ್ನು ವಿವರಿಸುತ್ತಾಳೆ. ರಾಟೆಯ ಅಡಿಯ ಹಲಗೆಯೂ ಮೇಲಿನ ಅಂಗಗಳೂ ಬ್ರಹ್ಮ, ವಿಷ್ಣು, ರುದ್ರರು, ಕದಿರು ಅರಿವು, ತಿರುಗಿಸುವ ಕೈ ಭಕ್ತಿ. ಪ್ಲೇಟೊವಿನ ಕದಿರಿನಂತೆ ಇಲ್ಲಿಯೂ ಜಗತ್ತಿನ ಶಕ್ತಿಗಳೆಲ್ಲವೂ ಒಂದು ನೂಲುವ ಉಪಕರಣದೊಳಗೆ ಬಂದು ಸೇರಿವೆ. ಆದರೆ ಅಲ್ಲಿ ಕದಿರು ದೇವಿಯ ಮಡಿಲಲ್ಲಿದೆ, ಮನುಷ್ಯನು ಮುಂದೆ ನಿಂತು ನೋಡುತ್ತಾನೆ. ಇಲ್ಲಿ ದೇವತೆಗಳು ರಾಟೆಯ ಮರವಾಗಿದ್ದಾರೆ, ತಿರುಗಿಸುವವಳು ಸಂಸಾರಸ್ಥೆಯಾದ ಒಬ್ಬ ಹೆಂಗಸು. ನೂಲು ಸುತ್ತಿ ಕದಿರು ತುಂಬಿತು, ಇನ್ನು ರಾಟೆ ತಿರುಗಿಸಲಾರೆ, ಗಂಡ ಹೊಡೆದಾನು, ಏನು ಮಾಡಲಿ ಎಂದು ಅವಳು ಗುಮ್ಮೇಶ್ವರನನ್ನು ಕೇಳುತ್ತಾಳೆ. ನೂತು ಮುಗಿದ ಮೇಲೆ ಮುಂದೇನೆಂಬ ಈ ಪ್ರಶ್ನೆಯನ್ನು ಮೊಯ್ರಾಯರಲ್ಲಿ ಯಾರೂ ಕೇಳಿದುದಿಲ್ಲ.